ಹಾಕಿಟ್ಟ ಟಿಕ್ಕು

2013ರ ಸೆಪ್ಟೆಂಬರಿನಲ್ಲಿ ಜರ್ಮನಿಯ ‘ಪ್ಲಾನೆಟ್49’ ಕಂಪನಿ ಅಂತರ್ಜಾಲದಲ್ಲಿ ಒಂದು ಬಹುಮಾನದ ಲಾಟರಿ ನಡೆಸಿತು. ಹೆಸರು, ವಿಳಾಸ ತುಂಬಲು ಹೋದವರ ಮುಂದೆ ಎರಡು ಚೌಕಗಳಿದ್ದವು. ಜಾಹೀರಾತುದಾರರ ಸಂಪರ್ಕಕ್ಕೆ ಒಪ್ಪುವ ಮೊದಲನೆಯದು ಖಾಲಿಯಿತ್ತು. ಅದಕ್ಕೆ ಟಿಕ್ ಹಾಕದೆ ಆಟಕ್ಕೆ ಪ್ರವೇಶವಿರಲಿಲ್ಲ. ಜಾಲದಲ್ಲಿ ಅವರ ಓಡಾಟ ಗಮನಿಸುವ ಕುಕೀಗೆ ಒಪ್ಪುವ ಎರಡನೆಯದರಲ್ಲಿ ಕಂಪನಿಯೇ ಟಿಕ್ ಹಾಕಿಟ್ಟಿತ್ತು. ಬೇಡದವರು ತೆಗೆಯಬಹುದಿತ್ತು.

ಗ್ರಾಹಕ ಸಂಘಗಳ ಒಕ್ಕೂಟ ಕೋರ್ಟಿಗೆ ಹೋಯಿತು. 2019ರ ಅಕ್ಟೋಬರ್ 1ರಂದು ಐರೋಪ್ಯ ನ್ಯಾಯಾಲಯ ತೀರ್ಪಿತ್ತಿತು: ಮೊದಲೇ ಹಾಕಿಟ್ಟ ಟಿಕ್ಕು ಒಪ್ಪಿಗೆಯಲ್ಲ. ತೆಗೆಯದವರು ಅದನ್ನು ಓದದೆಯೂ ಇದ್ದಿರಬಹುದು, ನೋಡದೆಯೂ ಇದ್ದಿರಬಹುದು. ಕುಕೀ ಎಷ್ಟು ಕಾಲ ಇರುತ್ತದೆ, ಬೇರೆಯವರ ಕೈಗೆ ಸಿಗುತ್ತದೆಯೇ ಎಂಬುದನ್ನೂ ಹೇಳಬೇಕು.

ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತೇವೆ. ಮನೆಮಂದಿಯ ನಡುವೆ ಅದು ನಡೆದೀತು. ಇವತ್ತು ಸುಮ್ಮನಿದ್ದವರು ನಾಳೆ ಜಗಳಕ್ಕೆ ನಿಲ್ಲಬಲ್ಲರು. ಕುಕೀ ಇಟ್ಟವನು ಯಾರೆಂದೇ ತಿಳಿಯದ ಕಡೆ ಜಗಳವಾದರೂ ಯಾರೊಡನೆ?

ತೀರ್ಪಿನ ನಂತರ ಜಾಣತನ ಜಾಗ ಬದಲಿಸಿತು. ಎಷ್ಟೋ ತಾಣಗಳಲ್ಲಿ ‘ಒಪ್ಪುತ್ತೇನೆ’ ಒಂದೇ ಒತ್ತಿಗೆ ಮುಗಿಯುತ್ತದೆ. ‘ಬೇಡ’ ಎನ್ನಲು ಸೆಟ್ಟಿಂಗ್ಸಿನೊಳಗೆ ಹುಡುಕಬೇಕು. ಇದೇ ಕಾರಣಕ್ಕೆ ಫ್ರಾನ್ಸಿನ ದತ್ತಾಂಶ ರಕ್ಷಣಾ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಘೋಷಿಸಿತು.

ವೆಬ್ ಆ್ಯಪ್‌ಗೆ ಒಪ್ಪಿಗೆಯ ಪಟ್ಟಿ ಅಂಟಿಸುವುದು ಡೆವಲಪರ್‌ಗೆ ಸಣ್ಣ ಕೆಲಸ. ಪ್ರಾಮಾಣಿಕತೆ ಇರುವುದು ಬಳಕೆದಾರರ ಕಣ್ಣಿಗೆ ಬೀಳದ ಕಡೆ. ಅವರು ಉತ್ತರಿಸುವ ಮೊದಲೇ ಹಿಂದಿನಿಂದ ಟ್ರ್ಯಾಕಿಂಗ್ ಸ್ಕ್ರಿಪ್ಟ್ ಓಡುತ್ತಿದ್ದರೆ ಮುಂದಿನ ಪ್ರಶ್ನೆ ಬರೀ ನಾಟಕ. ಲಾಗಿನ್‌ಗೆ ಬೇಕೇಬೇಕಾದ ಕುಕೀ ಇರಲಿ; ಉಳಿದದ್ದು ಕಾಯಬೇಕು. ‘ಬೇಡ’ ಎಂದದ್ದು ನೆನಪಿರಬೇಕು, ಪುಟ ತೆರೆದಾಗಲೆಲ್ಲ ಮತ್ತೆ ಕಾಡಬಾರದು. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹಿಂಪಡೆಯುವ ಬಗ್ಗೆ ಹೀಗೇ ಹೇಳುತ್ತದೆ. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಒಪ್ಪಿಗೆಯ ಕೋರಿಕೆಯನ್ನು ಓದುವ ಆಯ್ಕೆ ಕೊಡಬೇಕೆನ್ನುತ್ತದೆ.

‘ಒಪ್ಪುತ್ತೇನೆ’, ‘ಬೇಡ’ ಎರಡು ಗುಂಡಿಗಳನ್ನೂ ಒಂದೇ ಅಳತೆಯಲ್ಲಿಟ್ಟರೆ ಒಪ್ಪಿದವರ ಅಂಕಿ ಇಳಿಯಬಹುದು. ಮಾರ್ಕೆಟಿಂಗ್‌ನವರು ಬಂದು ‘ಬೇಡ’ವನ್ನು ಸ್ವಲ್ಪ ಮಂಕು ಮಾಡಿ ಎನ್ನಬಹುದು. ಅವರಿಗೆ ಹೇಳಬೇಕಾದ್ದು ಇಷ್ಟೇ: ಹಾಗೆ ಇಳಿದುಹೋದ ಒಪ್ಪಿಗೆಯನ್ನು ನಮಗೆ ಯಾರೂ ಕೊಟ್ಟಿರಲಿಲ್ಲ, ಬಳಕೆದಾರರ ಅವಸರದಿಂದ ನಾವೇ ತೆಗೆದುಕೊಂಡಿದ್ದೆವು.