ತಾಳಿಗೆ ಕೊಟ್ಟ ಚಿನ್ನ, ಓದಿಗೆ ಕೊಟ್ಟ ಹಣ

ಮಗಳ ಮದುವೆ ಎಂದೊಡನೆ ಹೊಸೂರು, ತಳಿ, ಡೆಂಕಣಿಕೋಟೆ ಸೀಮೆಯ ಬಡ ರೈತನಿಗೆ ಮೊದಲು ಕಾಣುವುದು ಸಾಲ. ಆ ಹೊರೆಗೆ ಸರ್ಕಾರ ಹೆಗಲು ಕೊಟ್ಟರೆ ತಪ್ಪೇನು? ತಮಿಳುನಾಡು ಬಹುಕಾಲ ಹೆಗಲು ಕೊಟ್ಟೇ ಇತ್ತು. ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದ ಮೂವಲೂರು ರಾಮಾಮಿರ್ದಂ ಅಮ್ಮೈಯಾರ್ ಹೆಸರಿನ ಮದುವೆ ನೆರವಿಗೆ 2011ರಲ್ಲಿ ತಾಳಿಗೆಂದು 4 ಗ್ರಾಂ ಚಿನ್ನ ಸೇರಿತು, 2016ರಲ್ಲಿ ಅದು 8 ಗ್ರಾಂ ಆಯಿತು. ಜೊತೆಗೆ ಹತ್ತನೇ ತರಗತಿ ಓದಿದವಳಿಗೆ 25,000 ರೂಪಾಯಿ, ಪದವೀಧರೆಗೆ 50,000.

ಇದನ್ನು ಓಟಿನ ಲೆಕ್ಕಾಚಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹದಿನೆಂಟು ತುಂಬಿರಬೇಕು, ಓದಿರಬೇಕು ಎಂಬ ಷರತ್ತು ಅದರಲ್ಲಿತ್ತು. ಅಡವಿಟ್ಟಾದರೂ ಕಷ್ಟಕಾಲ ದಾಟಿಸುವ ಒಂದು ಚೂರು ಬಂಗಾರ ಹೆಣ್ಣಿನ ಕೈಗೆ ಬರುತ್ತಿತ್ತು. ಆದರೂ ಓದಿನ ಫಲ ಕೈಗೆ ಬರಬೇಕಾದರೆ ಅವಳು ಹಸೆಮಣೆ ಏರಲೇಬೇಕಿತ್ತು. 2022ರಲ್ಲಿ ಸರ್ಕಾರ ಅದೇ ಅಮ್ಮೈಯಾರ್ ಹೆಸರನ್ನು ಉಳಿಸಿಕೊಂಡು ಯೋಜನೆಯ ದಿಕ್ಕನ್ನೇ ತಿರುಗಿಸಿತು. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ಓದು ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ. ಮದುವೆ ಆಗುವುದು, ಬಿಡುವುದು ಅವಳಿಗೆ ಸೇರಿದ್ದು.

ಈ ತಿರುವು ಸರಿಯೆಂದೇ ನನ್ನ ನಂಬಿಕೆ. ಮದುವೆಯಾಗು ಎಂದು ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಅಕ್ಕನ ಮಗಳು ಹುಟ್ಟಿದಾಗಲೇ ಸೋದರಮಾವನಿಗೆ ಎಂದು ಗೊತ್ತುಮಾಡುವ ಮನೆಗಳು ಈ ಸೀಮೆಯಲ್ಲಿವೆ. 2025ರ ಮಾರ್ಚಿನಲ್ಲಿ ಅಂಚೆಟ್ಟಿ ಕಡೆಯ ಬೆಟ್ಟದ ಹಳ್ಳಿಯಲ್ಲಿ, ಒಲ್ಲೆನೆಂದು ಕೂಗುತ್ತಿದ್ದ ಹದಿನಾಲ್ಕರ ಹುಡುಗಿಯನ್ನು ಗಂಡನ ಮನೆಗೆ ಹೊತ್ತೊಯ್ದ ದೃಶ್ಯ ಮೊಬೈಲುಗಳಲ್ಲಿ ಹರಿದಾಡಿತು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಲ್ಲೇ ಬಂದಿದ್ದರೂ ಹೀಗಾಯಿತು. ನೂಕುವ ಕೈಗಳು ಇಷ್ಟಿರುವಾಗ ಸರ್ಕಾರವೂ ಅದೇ ಕಡೆ ನಿಂತು ಕೈಸೇರಿಸಬೇಕೆ?

ಜಾತಿ ಮೀರಿ ಮದುವೆಯಾದವರ ಮಾತು ಬೇರೆ. ಅಲ್ಲಿ ಸಮಾಜ ಎದುರು ನಿಂತಿರುತ್ತದೆ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನಲ್ಲಿ ಅಂಥವರಿಗೂ ಚಿನ್ನ, ಹಣ ಕೊಡುವ ಯೋಜನೆಯಿದೆ. ಆದರೆ 2018ರ ನವೆಂಬರಿನಲ್ಲಿ ಹಾಗೆ ಮದುವೆಯಾದ ಹೊಸೂರು ಕಡೆಯ ಜೋಡಿಯ ಶವಗಳು ಶಿವನಸಮುದ್ರದ ಬಳಿ ಕಾವೇರಿಯಲ್ಲಿ ಸಿಕ್ಕವು. ಬಂಧನವಾದದ್ದು ಹುಡುಗಿಯ ಮನೆಯವರದೇ. ಅವರಿಗೆ ಬೇಕಿದ್ದದ್ದು ಬಹುಮಾನವಲ್ಲ, ಕಾವಲು.

ಮದುವೆಯಾದವರ ಕಡೆಗಿನ ಸರ್ಕಾರದ ಒಲವು ಹಿಂದೆ ತೆರಿಗೆಯಲ್ಲೂ ಇತ್ತು. 1955ರ ಕೇಂದ್ರ ಬಜೆಟ್ಟಿನಲ್ಲಿ ವಿವಾಹಿತರಿಗೆ 2,000 ರೂಪಾಯಿವರೆಗೆ ತೆರಿಗೆ ವಿನಾಯಿತಿ, ಅವಿವಾಹಿತರಿಗೆ 1,000. ಜರ್ಮನಿಯಲ್ಲಿ ಗಂಡ ಹೆಂಡಿರ ಆದಾಯ ಒಟ್ಟುಗೂಡಿಸಿ ಪಾಲು ಮಾಡುವ ಪದ್ಧತಿ 1958ರಿಂದ ಇದೆ. ಒಬ್ಬರ ಸಂಬಳ ಹೆಚ್ಚು, ಇನ್ನೊಬ್ಬರದು ಕಡಿಮೆ ಇದ್ದಷ್ಟೂ ಲಾಭ. ಹೀಗಾಗಿ ಕಡಿಮೆ ಗಳಿಸುವವರು, ಬಹುಪಾಲು ಹೆಂಡತಿಯರು, ಮನೆಯಲ್ಲೇ ಉಳಿಯುವುದು ಲಾಭದಂತೆ ಕಾಣುತ್ತದೆ ಎಂಬ ಟೀಕೆ ಅಲ್ಲಿದೆ. ನಮ್ಮಲ್ಲಿ ಇಂದು ಹೊಸೂರಿನ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣಿನ ಸಂಬಳ ಅವಳ ಹೆಸರಿನಲ್ಲೇ ಲೆಕ್ಕವಾಗುತ್ತದೆ. ಅದು ಹಾಗೇ ಇರಲಿ.

ಸಂಸಾರ ಸಾಕುವವರು ನಾಡಿಗಾಗಿಯೂ ದುಡಿಯುತ್ತಾರಲ್ಲ, ಅವರಿಗೆ ಏನೂ ಬೇಡವೆ ಎನ್ನಬಹುದು. ಬೇಕು. ಆದರೆ ಕೊಡುವುದು ಮಗುವಿಗಾಗಿ, ಮುಪ್ಪಿನವರ ಆರೈಕೆಗಾಗಿ ಇರಲಿ. ತಂದೆತಾಯಿಯನ್ನು ನೋಡಿಕೊಳ್ಳುತ್ತ ಮದುವೆಯಿಲ್ಲದೆ ಉಳಿದವಳೂ, ಗಂಡ ಬಿಟ್ಟುಹೋದವಳೂ ಹೊರೆ ಹೊತ್ತವರೇ. ತಮಿಳುನಾಡು 2023ರಲ್ಲಿ ತಂದ ಮಾಸಿಕ 1,000 ರೂಪಾಯಿಯ ಮಹಿಳಾ ಹಕ್ಕುಧನದಲ್ಲಿ ಮನೆ ನಡೆಸುವ ಒಂಟಿ ಹೆಂಗಸನ್ನೂ ವಿಧವೆಯನ್ನೂ ಕುಟುಂಬದ ಯಜಮಾನಿ ಎಂದೇ ಎಣಿಸಲಾಗಿದೆ. ಇಲ್ಲಿ ಲೆಕ್ಕಕ್ಕೆ ಬಂದದ್ದು ತಾಳಿಯಲ್ಲ, ದುಡಿಮೆ.

ಮದುವೆ ದೊಡ್ಡದಲ್ಲ ಎಂದು ನಾನು ಹೇಳುತ್ತಿಲ್ಲ. ಇಬ್ಬರು ಮನಸಾರೆ ಒಪ್ಪಿ ಬಾಳುವುದು ದೊಡ್ಡದೆಂದೇ ಅದಕ್ಕೆ ಆಮಿಷ ಸಲ್ಲದು. ಬೇಡವೆನ್ನಲು ಧೈರ್ಯವಿಲ್ಲದವಳ ಹೂಂ ಎನ್ನುವಿಕೆಯನ್ನು ಒಪ್ಪಿಗೆ ಎನ್ನಲಾಗದು. ಆ ಧೈರ್ಯ ಬರಬೇಕಾದರೆ ಬೆಟ್ಟದೂರಿಗೆ ಹೈಸ್ಕೂಲು ಹತ್ತಿರವಾಗಬೇಕು, ಸಂಜೆ ಬಸ್ಸು ತಪ್ಪದೆ ಬರಬೇಕು, ಹಾಸ್ಟೆಲ್ಲಿನಲ್ಲಿ ಜಾಗ ಸಿಗಬೇಕು, ದೂರು ಕೊಟ್ಟ ದಿನವೇ ಪೊಲೀಸರು ಎದ್ದು ಹೊರಡಬೇಕು. ಸರ್ಕಾರದ ಹಣ ಮೊದಲು ಅಲ್ಲಿಗೆ ಹೋಗಲಿ.