ಹೊಡೆದ ಕೈಗೆ ಮಗುವಿನ ಕೈ

"ಹೆಂಡ್ತಿಗೆ ಹೊಡೆದಿರಬಹುದು, ಮಗು ಮೇಲೆ ಒಂದಿನವೂ ಕೈ ಎತ್ತಿದವನಲ್ಲ." ಭದ್ರಾವತಿಯ ರಾಜಿ ಪಂಚಾಯ್ತಿಯಿರಲಿ, ಶಿವಮೊಗ್ಗದ ಕೋರ್ಟಿನ ಆವರಣವಿರಲಿ, ಗಂಡಿನ ಪರವಾಗಿ ಏಳುವ ಮಾತು ಇದು. ಕೆಟ್ಟ ಗಂಡ ಒಳ್ಳೆಯ ತಂದೆಯಾಗಿರಬಹುದು ಎಂಬ ವಾದ. ಕೇಳಲು ನ್ಯಾಯವಾಗಿಯೇ ಇದೆ. ನಾನು ಒಪ್ಪುವುದಿಲ್ಲ.

ಮಗುವಿನ ಪಾಲಿಗೆ ಗಂಡ ಬೇರೆ, ಅಪ್ಪ ಬೇರೆ ಅಲ್ಲ. ಅಡುಗೆಮನೆಯಲ್ಲಿ ಅಮ್ಮನಿಗೆ ಬಿದ್ದ ಏಟನ್ನು ಚಾಪೆಯ ಮೇಲೆ ಮಲಗಿದ್ದೇ ಕೇಳಿಸಿಕೊಂಡ ಮಗು, ಯಾರ ಹೆಜ್ಜೆ ಸಪ್ಪಳಕ್ಕೆ ಸುಮ್ಮನಾಗಬೇಕೆಂದು ಕಲಿತಿರುತ್ತದೆ. ಕಲಿಸಿದವನು ಅಪ್ಪನೇ. ಏಟು ಯಾರ ಮೈಮೇಲೆ ಬಿತ್ತು ಎಂಬುದರಿಂದ ಅದು ಯಾರ ಬಾಲ್ಯಕ್ಕೆ ಬಿತ್ತು ಎಂಬುದು ತೀರ್ಮಾನವಾಗದು.

ಕಾನೂನು ಮಾತ್ರ ಇವೆರಡನ್ನೂ ಬೇರೆ ಬೇರೆ ಕಡತದಲ್ಲಿಟ್ಟಿದೆ. 1890ರ ಪೋಷಕರು ಮತ್ತು ಪೋಷಿತರ ಕಾಯ್ದೆ ಮಗುವಿನ ವಯಸ್ಸು, ಲಿಂಗ, ಧರ್ಮ, ಪೋಷಕನ ನಡತೆ ನೋಡಿ ಎನ್ನುತ್ತದೆ. ಮನೆಯೊಳಗಿನ ಹಿಂಸೆಯ ಹೆಸರೆತ್ತುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಕಾಯ್ದೆಗೆ ಮಗುವಿನ ಹಿತವೇ ದೊಡ್ಡದು, ಅದರಲ್ಲೂ ಹಿಂಸೆಯ ಮಾತಿಲ್ಲ. ಆ ಮಾತು ಬಂದದ್ದು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ. ಅದರ ಕಲಂ 21ರಂತೆ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ತಾಯಿಗೆ ಒಪ್ಪಿಸಬಹುದು; ತಂದೆಯ ಭೇಟಿ ಮಗುವಿಗೆ ಹಾನಿಕರ ಎನಿಸಿದರೆ ನಿರಾಕರಿಸಲೇಬೇಕು. ಆದರೆ ಅದು ತಾತ್ಕಾಲಿಕ.

ಶಿವಮೊಗ್ಗದ ಗಂಡನ ಮನೆ ಬಿಟ್ಟು ಮಗುವಿನೊಂದಿಗೆ ಭದ್ರಾವತಿಯ ತವರಿಗೆ ಬಂದ ಹೆಣ್ಣೊಬ್ಬಳನ್ನು ನೆನೆಯಿರಿ. ತಾನಿರುವ ಊರಿನ ಮ್ಯಾಜಿಸ್ಟ್ರೇಟರಲ್ಲೇ ಆಕೆ ಅರ್ಜಿ ಹಾಕಬಹುದು. ಮಗು ಬೆಳೆದದ್ದು ನಮ್ಮನೆಯಲ್ಲಿ ಎಂದು ಗಂಡ ಶಿವಮೊಗ್ಗದ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುತ್ತಾನೆ. ಏಟಿನ ಕಥೆ ಒಂದೂರಲ್ಲಿ, ಮಗುವಿನ ಕಥೆ ಇನ್ನೊಂದೂರಲ್ಲಿ. 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಬರೆದ, ಹಿಂಸೆಯ ಘಟನಾ ವರದಿ ಈ ಇಪ್ಪತ್ತು ಕಿಲೋಮೀಟರ್ ದಾಟಬೇಕೆಂದರೆ ಅವಳೇ ಹೊತ್ತೊಯ್ಯಬೇಕು.

ಸುಳ್ಳು ದೂರುಗಳಿಲ್ಲವೇ? ಇವೆ. ಅಪ್ಪನಿಲ್ಲದೆ ಬೆಳೆಯುವುದೂ ಮಗುವಿಗೆ ನಷ್ಟವೇ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ವರ್ಷವನ್ನೇ ಸೀಳಿ, ಆರು ತಿಂಗಳು ತಂದೆಗೆ, ಆರು ತಿಂಗಳು ತಾಯಿಗೆ ಮಗುವನ್ನು ಒಪ್ಪಿಸಿತ್ತು. ಇಬ್ಬರೂ ಸಮಸಮ ನಿಂತ ಕಡೆ ಅದು ಚೆಂದ. ಒಬ್ಬರು ಇನ್ನೊಬ್ಬರಿಗೆ ಹೆದರುವ ಕಡೆ, ಮಗುವನ್ನು ಕೈಬದಲಿಸುವ ಪ್ರತಿ ಸಲವೂ ಹೆದರಿಸಲು ಹೊಸ ಅವಕಾಶ. ನ್ಯೂಜಿಲೆಂಡ್ 1995ರಲ್ಲಿ ಇದಕ್ಕೊಂದು ದಾರಿ ಹುಡುಕಿತ್ತು: ಹಿಂಸೆ ಸಾಬೀತಾದರೆ, ಮಗು ಸುರಕ್ಷಿತವೆಂದು ನ್ಯಾಯಾಲಯಕ್ಕೆ ಮನವರಿಕೆಯಾಗುವ ತನಕ ಮಗುವೂ ಇಲ್ಲ, ಮೇಲ್ವಿಚಾರಣೆಯಿಲ್ಲದ ಭೇಟಿಯೂ ಇಲ್ಲ. ಆ ದೇಶ ಮುಂದೆ ಕಾನೂನು ಬದಲಿಸಿತು, ಆದರೆ ಆ ತರ್ಕ ಸರಿಯಾಗಿತ್ತು. ಸಾಬೀತಾಗುವ ಮೊದಲು ಸಂಶಯದ ಲಾಭ ಆರೋಪಿಗಿರಲಿ, ಅವನು ಮಗುವನ್ನು ಮೂರನೆಯವರ ಎದುರು ನೋಡಲಿ. ಸಾಬೀತಾದ ಮೇಲೆ, ತಿದ್ದಿಕೊಂಡಿದ್ದೇನೆಂದು ತೋರಿಸುವ ಭಾರ ಹೊಡೆದವನದು. ಭೇಟಿ ಮಗುವಿನ ಹಕ್ಕು, ಅಪ್ಪನ ಬಾಕಿ ವಸೂಲಿಯಲ್ಲ.

ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ. ಘಟನಾ ವರದಿಯ ಪ್ರತಿಯನ್ನು ಎರಡೂ ನ್ಯಾಯಾಲಯಗಳಲ್ಲಿ ಹಾಜರುಪಡಿಸಿ. ವಕೀಲರ ಖರ್ಚಿಗೆ ಅಂಜಬೇಡಿ: 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ.