‘ಮೀರಿತು’ ಎಂಬ ಮಾತಿಗೆ ಕರ್ತೃ ಯಾರು?

ಆಂಗ್ಲಭಾಷೆಯಲ್ಲಿ ‘ಎಕ್ಸೀಡ್’ ಎಂಬ ಕ್ರಿಯಾಪದವೊಂದುಂಟು. ಅದರ ಲ್ಯಾಟಿನ್ ಮೂಲಕ್ಕೆ ‘ಹೊರಕ್ಕೆ ನಡೆ’ ಎಂಬಷ್ಟೇ ಅರ್ಥ. ಅತಿರೇಕವನ್ನು ಹೇಳುವ ‘ಎಕ್ಸೆಸ್’ ಎಂಬ ನಾಮಪದವೂ ಅದೇ ಧಾತುವಿನಿಂದ ಬಂದುದು. ಆದರೆ ನಾಮಪದಕ್ಕೆ ಹೆಚ್ಚಾಗಿ ಅಂಟಿಕೊಂಡಿರುವ ನಿಂದೆ ಕ್ರಿಯಾಪದಕ್ಕೆ ಅಂಟಿಲ್ಲ. ವೇಗದ ಮಿತಿಯನ್ನು ಮೀರಿದ ಚಾಲಕನಿಗೆ ದಂಡ, ನಿರೀಕ್ಷೆಯನ್ನು ಮೀರಿದ ವಿದ್ಯಾರ್ಥಿಗೆ ಬಹುಮಾನ. ಎರಡೆಡೆಯೂ ಪದ ಒಂದೇ. ಗುಣದೋಷವಿರುವುದು ದಾಟುವಿಕೆಯಲ್ಲಲ್ಲ, ದಾಟಿದ ಗೆರೆಯಲ್ಲಿ. ಆದುದರಿಂದಲೇ ಆ ಕ್ರಿಯಾಪದವು ಸಾಮಾನ್ಯವಾಗಿ ಕರ್ಮವನ್ನು ಬೇಡುತ್ತದೆ. ಏನನ್ನು ಮೀರಿದುದೆಂದು ಹೇಳದೆ ವಾಕ್ಯ ನಿಲ್ಲದು.

ನಮ್ಮ ‘ಮೀರು’ ಧಾತುವೂ ಹೀಗೆಯೇ ಇಬ್ಬಗೆಯದು. ಹಿರಿಯರ ಮಾತನ್ನು ಮೀರಿದವನು ಬೈಗುಳಕ್ಕೆ ಪಾತ್ರ; ವಿದ್ಯೆಯಲ್ಲಿ ಗುರುವನ್ನು ಮೀರಿಸಿದವನು ಗುರುವಿಗೇ ಹೆಮ್ಮೆ. ಆದರೆ ಕನ್ನಡದಲ್ಲಿ ಇನ್ನೊಂದು ಪ್ರಯೋಗವಿದೆ. ‘ಹೊತ್ತು ಮೀರಿತು’, ‘ಪರಿಸ್ಥಿತಿ ಕೈಮೀರಿತು’, ‘ಖರ್ಚು ಮಿತಿಮೀರಿತು’ ಎನ್ನುತ್ತೇವೆ. ತಡಮಾಡಿದವರು ನಾವು, ಕರ್ತೃವಾಗಿ ನಿಲ್ಲುವುದು ಹೊತ್ತು! ಆಂಗ್ಲರೂ ವೆಚ್ಚವು ಅಂದಾಜನ್ನು ಮೀರಿತೆಂದು ಬರೆಯುವುದುಂಟು. ಭಾಷೆ ಯಾವುದಾದರೇನು, ನುಣುಚಿಕೊಳ್ಳುವ ಮನಸ್ಸು ಒಂದೇ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಸದ್ಗುಣವನ್ನು ಅತಿ ಮತ್ತು ಕೊರತೆಗಳ ನಡುವೆ ಇರಿಸಿದನು. ‘ಅತಿ’ಗೆ ಅವನು ಬಳಸಿದ ‘ಹೈಪರ್ಬೊಲೆ’ ಎಂಬ ಪದದ ಮೂಲಾರ್ಥ ‘ಆಚೆಗೆ ಎಸೆಯುವುದು’. ಎಸೆಯುವವನಿಲ್ಲದೆ ಎಸೆತವುಂಟೆ? ಮಿಲೋ ಎಂಬ ಜಟ್ಟಿಗೆ ಸಾಲದ ಆಹಾರವು ಸಾಧನೆಗೆ ಹೊಸದಾಗಿ ತೊಡಗಿದವನಿಗೆ ಅಧಿಕವೆಂದೂ ಅವನು ಹೇಳಿದ್ದಾನೆ. ಮಿತಿಯು ಆಳಿಗೊಂದಾದರೆ, ಅದನ್ನು ತನ್ನದೆಂದು ಒಪ್ಪಿಕೊಳ್ಳುವ ಆಳೂ ಬೇಕಾಗುತ್ತದೆ.

ಇದನ್ನು ನಾನು ಗ್ರಂಥದಿಂದ ಕಲಿಯಲಿಲ್ಲವೆಂದು ಒಪ್ಪಿಕೊಳ್ಳಬೇಕು. ಮಗಳ ಮದುವೆಯಾದ ಮೇಲೆ ಲೆಕ್ಕದ ಪುಸ್ತಕದ ಕೊನೆಯಲ್ಲಿ ‘ಖರ್ಚು ಕೈಮೀರಿತು’ ಎಂದು ಬರೆದು, ಉಳಿದ ಸಾಲದಲ್ಲಿ ಅರ್ಧವನ್ನು ತಮ್ಮನು ಹೊರಬೇಕೆಂದು ಹೇಳಲು ಸಿದ್ಧನಾಗಿದ್ದೆ. ಪುಸ್ತಕವನ್ನು ಓದಿದ ಅಕ್ಕ ಕೇಳಿದರು: “ಅದು ತಾನಾಗಿಯೇ ಮೀರಿತೇನಪ್ಪಾ? ಎರಡನೆಯ ಸಿಹಿ ಬೇಕೆಂದವನು ನೀನು. ಚಪ್ಪರ ದೊಡ್ಡದಾಗಲಿ ಎಂದವನೂ ನೀನೇ. ಅವನನ್ನು ಯಾರು ಕೇಳಿದ್ದರು?”

ನಾನು ಆ ಸಾಲನ್ನು ಹೊಡೆದುಹಾಕಿ ‘ಮಿತಿಯನ್ನು ಮೀರಿದೆನು’ ಎಂದು ತಿದ್ದಿದೆ. ಮೊತ್ತವೇನೂ ಕಡಿಮೆಯಾಗಲಿಲ್ಲ. ತಮ್ಮನ ಮನೆಗೆ ಹೋಗಲೆಂದು ಹಾಕಿಕೊಂಡಿದ್ದ ಅಂಗಿಯನ್ನು ಮಾತ್ರ ಕಳಚಿ ಗೂಟಕ್ಕೆ ಹಾಕಿದೆ.